ಸಾಲಿನ ಉದ್ದ ಎಷ್ಟು?

ಬೆಂಗಳೂರಿನ ಜಂಕ್ಷನ್‌ಗಳಿಗೆ ಟ್ರಾಫಿಕ್ ಸಿಮ್ಯುಲೇಶನ್ ಮಾದರಿ ಕಟ್ಟುವುದು, ಬೇರೆಯವರು ಕಟ್ಟಿದ್ದನ್ನು ಪರೀಕ್ಷಿಸುವುದು ನನ್ನ ಕೆಲಸ. ಮೀಟಿಂಗಿನಲ್ಲಿ ಪರದೆಯ ಮೇಲೆ ಪುಟ್ಟ ಕಾರು, ಬಸ್ಸು ಓಡತೊಡಗಿದರೆ ಎಲ್ಲರ ಮುಖವೂ ಅರಳುತ್ತದೆ, ಪ್ರಶ್ನೆ ಕೇಳುವವರು ಕಡಿಮೆ. ನಾನಂತೂ ಅನಿಮೇಶನ್ ಬದಿಗಿಟ್ಟು ಮೊದಲು ಎರರ್ ಫೈಲ್ ತೆರೆಯುತ್ತೇನೆ.

ಮಾದರಿಯೊಳಗಿನ ರಸ್ತೆ ತುಂಬಿಹೋದರೆ ಹಿಂದೆ ಬರುವ ವಾಹನಗಳಿಗೆ ಒಳಗೆ ಜಾಗವಿರುವುದಿಲ್ಲ. ಅವು ಗಡಿಯಾಚೆ ಕಾಯುತ್ತಿರುತ್ತವೆ. ಪರದೆಯಲ್ಲಿ ಕಾಣುವುದಿಲ್ಲ. ಕಾದ ಹೊತ್ತು ಸರಾಸರಿ ವಿಳಂಬದ ಲೆಕ್ಕದಿಂದಲೂ ತಪ್ಪಿಹೋಗಬಹುದು. ಹೊರಗೆ ಜಾಮ್ ಬೆಳೆಯುತ್ತಿದ್ದರೂ ವರದಿಯಲ್ಲಿ ಎಲ್ಲವೂ ಸಲೀಸು! ಹೀಗೆ ಹೊರಗುಳಿದವು ಎಷ್ಟು ಎಂಬುದು ಆ ಫೈಲಿನಲ್ಲಿ ಸಿಗುತ್ತದೆ.

ಇದು ಪ್ರೋಗ್ರಾಂ ನಾವು ಹೇಳಿದಂತೆ ನಡೆದಿದೆಯೇ ಎಂಬ ಪರಿಶೀಲನೆ. ನಾವು ಹೇಳಿದ್ದೇ ರಸ್ತೆಗೆ ಹೊಂದುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ, ಕಷ್ಟದ್ದು. ಇದಕ್ಕೆ ವರದಿಗಳು ಜಿಇಎಚ್ ಎಂಬ ಅಳತೆಯನ್ನು ಮುಂದಿಡುತ್ತವೆ. ರಸ್ತೆಯಲ್ಲಿ ಎಣಿಸಿದ್ದು ಗಂಟೆಗೆ 1000 ವಾಹನ, ಮಾದರಿ ತೋರಿಸಿದ್ದು 1100 ಆದರೆ ಜಿಇಎಚ್ ಸುಮಾರು 3.1, 5ರೊಳಗಿದ್ದರೆ ಪಾಸು. ಆದರೆ ಒಂದೇ ಜಂಕ್ಷನ್ನಿನ ಮಾದರಿಗೆ ಆ ಎಣಿಕೆಯನ್ನು ಉಣಿಸಿದವರೇ ನಾವು. ಡಬ್ಬಿಗೆ ಸುರಿದ ಅಕ್ಕಿಯನ್ನೇ ಮತ್ತೆ ಅಳೆದು ಫಸಲು ಚೆನ್ನಾಗಿದೆ ಎಂದ ಹಾಗಾಯಿತು.

ಸಿಗ್ನಲ್ಲಿನ ಸಾಲಿನ ಉದ್ದವನ್ನು ಮಾತ್ರ ಯಾರೂ ಒಳಗೆ ತುಂಬಿರುವುದಿಲ್ಲ. ಅದನ್ನು ಮಾದರಿಯೇ ಹುಟ್ಟಿಸಬೇಕು. ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ವಿಸಿಮ್ ತಂತ್ರಾಂಶದ ಬೆನ್ನೆಲುಬು ಜರ್ಮನಿಯ ವೀಡೆಮನ್ 1974ರಲ್ಲಿ ಕೊಟ್ಟ, ಮುಂದಿನ ವಾಹನವನ್ನು ಹಿಂಬಾಲಿಸುವ ಸೂತ್ರ. ಅದು ಲೇನ್ ಹಿಡಿದು ಹೋಗುವ ಶಿಸ್ತಿನ ಲೋಕ. ನಮ್ಮಲ್ಲಿ ಕೆಂಪು ದೀಪ ಬಿದ್ದದ್ದೇ ತಡ, ಬೈಕುಗಳು ಕಾರುಗಳ ಸಂದಿಯಲ್ಲಿ ನುಸುಳಿ ಸ್ಟಾಪ್ ಲೈನ್ ದಾಟಿ ನಿಲ್ಲುತ್ತವೆ. ತಂತ್ರಾಂಶವನ್ನು ಬಂದ ಹಾಗೇ ಬಿಟ್ಟರೆ ಅವೇ ಬೈಕುಗಳು ಕಾರಿನ ಹಿಂದೆ ಒಂದೊಂದಾಗಿ ಪಾಪದವರಂತೆ ನಿಲ್ಲುತ್ತವೆ, ಸಾಲು ಸುಮ್ಮನೆ ಉದ್ದವಾಗುತ್ತದೆ. ಒಂದೇ ಲೇನಿನೊಳಗೆ ಓವರ್‌ಟೇಕ್, ಪಕ್ಕದ ಅಂತರ, ಲೇನಿನಲ್ಲಿ ಎಲ್ಲಿ ಬೇಕಾದರೂ ನಿಲ್ಲುವ ಅನುಮತಿ, ಇವನ್ನೆಲ್ಲ ರಸ್ತೆಯ ವಿಡಿಯೊ ನೋಡಿ ತಿದ್ದಬೇಕು. ರ‍್ಯಾಂಡಮ್ ಸೀಡ್, ಅಂದರೆ ಮಾದರಿಯೊಳಗಿನ ಆಕಸ್ಮಿಕತೆ ಶುರುವಾಗುವ ಸಂಖ್ಯೆಯನ್ನು, ಬದಲಿಸುತ್ತ ಹಲವು ಸಲ ಓಡಿಸಬೇಕು. ಒಂದೇ ಓಟದ ಅಂಕಿ ಅದೃಷ್ಟದ ಅಂಕಿ.

ನಿಮ್ಮ ಬಡಾವಣೆಗೆ ಯಾರಾದರೂ ಇಂಥ ಅನಿಮೇಶನ್ ಹಿಡಿದು ಬಂದರೆ, ಮಾದರಿಯನ್ನು ತಿದ್ದಲು ಬಳಸದ ಬೇರೊಂದು ದಿನ ರಸ್ತೆಯಲ್ಲಿ ಅಳೆದ ಸಾಲಿನ ಉದ್ದವನ್ನೂ ಮಾದರಿ ಕೊಟ್ಟ ಉದ್ದವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿ ಎನ್ನಿ. ಆ ಕಾಲಂ ಖಾಲಿಯಿದ್ದರೆ ವರದಿಯನ್ನು ಒಪ್ಪಬೇಡಿ.