ಕೀಲೆಣ್ಣೆಯ ಪರೀಕ್ಷೆ: ಎಂಜಿನಿನ ಮಾರ್ಪಾಡಿಗೆ ಒರೆಗಲ್ಲು

ಪುಣೆಯ ಘೋರ್ಪಡಿಯಲ್ಲಿರುವ ರೈಲ್ವೆಯ ಡೀಸೆಲ್ ಲೋಕೋ ಶೆಡ್ಡಿನಲ್ಲಿ ಆಲ್ಕೋ ಮಾದರಿಯ ಎಂಜಿನುಗಳು ದೀರ್ಘಕಾಲ ಪಾಲನೆ ಕಂಡವು. 1962ರಲ್ಲಿ ಅಮೆರಿಕದಿಂದ ಬಂದು, 1964ರಿಂದ ವಾರಾಣಸಿಯಲ್ಲಿ ತಯಾರಾಗತೊಡಗಿದ ಡಬ್ಲ್ಯು.ಡಿ.ಎಂ.-2 ಈ ಮಾದರಿಯದು. ಹದಿನಾರು ಸಿಲಿಂಡರು, 2,600 ಅಶ್ವಶಕ್ತಿ, ಸುಮಾರು 910 ಲೀಟರ್ ಕೀಲೆಣ್ಣೆ. ಇಷ್ಟು ಎಣ್ಣೆಯನ್ನು ಪಂಚಾಂಗ ನೋಡಿ ಚೆಲ್ಲುವುದು ಯಾರಿಗೂ ಭರಿಸಲಾಗದ ಮಾತು. ಆದ್ದರಿಂದಲೇ ಎಣ್ಣೆಯ ಮಾದರಿ ತೆಗೆದು ವರ್ಣಪಟಲಮಾಪಕದಲ್ಲಿ ಪರೀಕ್ಷಿಸುವ ಪದ್ಧತಿ ಡೀಸೆಲ್ ಶೆಡ್ಡುಗಳಲ್ಲಿ ರೂಢಿಗೆ ಬಂದಿತು.

ಈ ಪರೀಕ್ಷೆಯ ತತ್ತ್ವ ಸರಳವಾದುದು. ಎಂಜಿನಿನಲ್ಲಿ ಸವೆಯುವ ಪ್ರತಿಯೊಂದು ಭಾಗವೂ ತನ್ನ ಲೋಹದ ಗುರುತನ್ನು ಎಣ್ಣೆಯಲ್ಲಿ ಬಿಡುತ್ತದೆ. ಕಬ್ಬಿಣ ಲೈನರಿನಿಂದಲೂ ಕ್ರ್ಯಾಂಕ್ ದಂಡದಿಂದಲೂ ಬರುತ್ತದೆ. ಸೀಸ, ತವರ, ತಾಮ್ರಗಳು ಬೇರಿಂಗುಗಳಿಂದ, ಕ್ರೋಮಿಯಂ ಸಾಮಾನ್ಯವಾಗಿ ಪಿಸ್ಟನ್ ಉಂಗುರಗಳಿಂದ. ಸಿಲಿಕಾನ್ ಹೆಚ್ಚಿದರೆ ಹೊರಗಿನ ಧೂಳು ಒಳನುಗ್ಗಿದೆಯೆಂದು ಶಂಕಿಸಬೇಕು. ಇವುಗಳ ಪ್ರಮಾಣವನ್ನು ದಶಲಕ್ಷದಲ್ಲಿ ಇಷ್ಟು ಭಾಗವೆಂದು ಅಳೆಯಲಾಗುತ್ತದೆ.

ಇಂದು ಲಾರಿ ಮಾಲೀಕರಿಗೂ ಜನರೇಟರ್ ಇಟ್ಟುಕೊಂಡ ಆಸ್ಪತ್ರೆಗಳಿಗೂ ಎರಡು ಬಗೆಯ ಮಾರ್ಪಾಡುಗಳನ್ನು ಮಾರುವವರಿದ್ದಾರೆ. ಒಂದು, ಎಣ್ಣೆಯ ಸ್ವಲ್ಪ ಭಾಗವನ್ನು ಪಕ್ಕಕ್ಕೆ ಹರಿಸಿ ಇನ್ನಷ್ಟು ಸೂಕ್ಷ್ಮವಾಗಿ ಸೋಸುವ ಹೆಚ್ಚುವರಿ ಫಿಲ್ಟರ್. ಇನ್ನೊಂದು, ಉಂಗುರಗಳ ಸಂದಿಯಿಂದ ಕ್ರ್ಯಾಂಕ್‌ಕೇಸಿಗೆ ಇಳಿಯುವ ಅನಿಲದಿಂದ ಎಣ್ಣೆಯ ಮಂಜನ್ನು ಬೇರ್ಪಡಿಸುವ ಸಾಧನ. ಆ ಅನಿಲದಲ್ಲಿ ನೀರಾವಿ, ಮಸಿ, ಆಮ್ಲಾಂಶ, ಉರಿಯದ ಇಂಧನ ಎಲ್ಲವೂ ಇರುತ್ತವೆ. ಆಲ್ಕೋ ಎಂಜಿನಿನಲ್ಲಿ ಇದನ್ನು ಹೊರಗೆಳೆಯಲೆಂದೇ ಮೋಟಾರು ಚಾಲಿತ ಪಂಖವೊಂದಿತ್ತು. ಮಾರ್ಪಾಡು ಮಾಡಿದ ಮೇಲೆ ಕಬ್ಬಿಣದ ಅಂಕಿ ಇಳಿಯಿತೆಂದು ತೋರಿಸುವ ವರದಿಯನ್ನು ಗ್ರಾಹಕರ ಮುಂದೆ ಇಡುವುದುಂಟು. ಅಂಕಿ ಸುಳ್ಳಾಗಿರಲಾರದು, ಅದರ ಅರ್ಥ ಮಾತ್ರ ಬೇರೆಯಾಗಿರಬಹುದು.

ಹತ್ತು ಲೀಟರ್ ಎಣ್ಣೆಯ ಎಂಜಿನಿನಲ್ಲಿ ಕಬ್ಬಿಣ 30 ಇದ್ದಿತೆನ್ನೋಣ. ಹೊಸ ಫಿಲ್ಟರ್ ಮತ್ತು ಕೊಳವೆಗಳಿಗೆ ಎರಡು ಲೀಟರ್ ಹೆಚ್ಚು ಎಣ್ಣೆ ಹಿಡಿಯುತ್ತದೆ. ಸವೆತ ಕೂದಲೆಳೆಯಷ್ಟೂ ಕಡಿಮೆಯಾಗದಿದ್ದರೂ ಅದೇ ಕಬ್ಬಿಣ ಹನ್ನೆರಡು ಲೀಟರಿಗೆ ಹರಡಿ ಅಂಕಿ 25ಕ್ಕೆ ಇಳಿಯುತ್ತದೆ. ಆದುದರಿಂದ ಒಟ್ಟು ಎಣ್ಣೆಯ ಪ್ರಮಾಣವನ್ನೂ ಓಡಿದ ಗಂಟೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಹೋಲಿಕೆ ವ್ಯರ್ಥ. ಮೇಲೆ ಸುರಿದ ಹೊಸ ಎಣ್ಣೆಯೂ ಇದೇ ಮೋಸವನ್ನು ಮಾಡುತ್ತದೆ. ಗಾಳಿ ಬಿಡುವ ದಾರಿ ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸಿನ ಒತ್ತಡ ಏರಿ, ಸೀಲುಗಳಿಂದ ಎಣ್ಣೆ ಸೋರತೊಡಗುತ್ತದೆ. ಚಾಲಕ ಸುರಿಯುತ್ತಲೇ ಇರುತ್ತಾನೆ. ಕೆಡುತ್ತಿರುವ ಎಂಜಿನಿನ ವರದಿ ಸುಂದರವಾಗುತ್ತದೆ! ಒಳಗಿನ ಸೆಳೆತ ಅತಿಯಾದರೆ ಸೀಲುಗಳ ಸಂದಿಯಿಂದ ಧೂಳು ಒಳಬಂದು ಸಿಲಿಕಾನ್ ಏರಬಹುದು.

ಪುಣೆಯಂತಹ ಊರಿನಲ್ಲಿ ಋತುಮಾನವನ್ನೂ ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳುಗಳ ಒಣಧೂಳು ಜೂನ್ ಮಳೆಗೆ ಅಡಗುತ್ತದೆ. ಮೇ ಕೊನೆಯಲ್ಲಿ ಸಾಧನವನ್ನು ಜೋಡಿಸಿ ಆಗಸ್ಟಿನಲ್ಲಿ ಸಿಲಿಕಾನ್ ಇಳಿಯಿತೆಂದು ಹಿಗ್ಗಿದರೆ, ಆ ಕೀರ್ತಿ ಮುಂಗಾರಿಗೆ ಸಲ್ಲಬೇಕಾದೀತು.

ವರ್ಣಪಟಲಮಾಪಕಕ್ಕೂ ಒಂದು ಮಿತಿಯಿದೆ. ಸುಮಾರು 5ರಿಂದ 8 ಮೈಕ್ರಾನಿಗಿಂತ ದೊಡ್ಡ ಕಣಗಳು ಅದಕ್ಕೆ ಚೆನ್ನಾಗಿ ಕಾಣಿಸವು. ದೊಡ್ಡ ಚೂರುಗಳನ್ನು ಫಿಲ್ಟರ್ ಹಿಡಿಯಿತೇ ಇಲ್ಲವೇ ಎಂಬುದನ್ನು ತಿಳಿಯಲು ಕಣಗಳ ಎಣಿಕೆ ಬೇಕು. ಬೆಳಕಿನಿಂದ ಎಣಿಸುವ ಯಂತ್ರವಾದರೋ ಡೀಸೆಲ್ ಎಂಜಿನಿನ ಕಪ್ಪು ಎಣ್ಣೆಯಲ್ಲಿ ತಬ್ಬಿಬ್ಬಾಗುತ್ತದೆ. ಬಳಸಿದ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡುವುದು ಹಳೆಯ ವಿಧಾನವಾದರೂ ಈಗಲೂ ಉಪಯುಕ್ತ. ವಾತಾಯನದ ಮಾರ್ಪಾಡಿಗೆ ಲೋಹಗಳಿಗಿಂತ ನೀರು, ಇಂಧನದ ಬೆರಕೆ, ಸ್ನಿಗ್ಧತೆ, ಆಮ್ಲವನ್ನು ತಡೆಯುವ ಕ್ಷಾರಾಂಶ ಇವೇ ಮುಖ್ಯ. ಟರ್ಬೊ ಹಾಗೂ ಗಾಳಿಯ ಕೊಳವೆಗಳಿಗೆ ಎಣ್ಣೆ ಮೆತ್ತಿದೆಯೇ ಎಂಬುದನ್ನು ಮಾತ್ರ ಯಾವ ಎಣ್ಣೆ ಪರೀಕ್ಷೆಯೂ ಹೇಳದು, ಬಿಚ್ಚಿಯೇ ನೋಡಬೇಕು.

ರಸ್ತೆ ವಾಹನಗಳ ವಿಷಯದಲ್ಲಿ ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ. ಪುಣೆಯಲ್ಲಿ 1966ರಲ್ಲಿ ಸ್ಥಾಪಿತವಾದ ಭಾರತೀಯ ಆಟೋಮೋಟಿವ್ ಸಂಶೋಧನಾ ಸಂಘವು ವಾಹನಗಳನ್ನು ಪರೀಕ್ಷಿಸಿ ಪ್ರಮಾಣೀಕರಿಸುವ ಸಂಸ್ಥೆಗಳಲ್ಲೊಂದು. ಮಾರಾಟಗಾರರ ಕರಪತ್ರ ಅಂತಹ ಪ್ರಮಾಣಪತ್ರಕ್ಕೆ ಸಮನಲ್ಲ.

ಪ್ರಯೋಗಕ್ಕೆ ಇಳಿಯುವವರು ಮಾರ್ಪಾಡಿಗೆ ಮುಂಚೆಯೇ ಕನಿಷ್ಠ ಮೂರು ಮಾದರಿಗಳನ್ನು ಪರೀಕ್ಷಿಸಿಟ್ಟುಕೊಳ್ಳಬೇಕು. ಎಣ್ಣೆಯ ಹೆಸರು, ದರ್ಜೆ, ಪ್ರಯೋಗಾಲಯ ಯಾವುದೂ ಬದಲಾಗಬಾರದು. ಎಂಜಿನ್ ಬಿಸಿಯಾಗಿರುವಾಗ, ಫಿಲ್ಟರಿಗಿಂತ ಮೊದಲಿನ ಒಂದೇ ಜಾಗದಿಂದ ಶುಭ್ರವಾದ ಸೀಸೆಗೆ ಎಣ್ಣೆಯನ್ನು ಹಿಡಿಯಬೇಕು; ಮೊದಲು ಬಂದ ಸ್ವಲ್ಪ ಎಣ್ಣೆಯನ್ನು ಬಿಟ್ಟುಬಿಡಬೇಕು. ಮೇಲೆ ಸುರಿದ ಎಣ್ಣೆಯನ್ನು ತಪ್ಪದೆ ದಾಖಲಿಸಬೇಕು. ಫಲ ಕಂಡಿತೆನಿಸಿದಾಗ ಸಾಧನವನ್ನು ಕೆಲಕಾಲ ಕಳಚಿ, ಅಂಕಿಗಳು ಹಿಂದಿನ ಮಟ್ಟಕ್ಕೆ ಏರುತ್ತವೆಯೇ ಎಂದು ನೋಡುವುದು ಲೇಸು.