ಐದನೆಯ ಚಕ್ರದ ಲೆಕ್ಕ

ಬನಶಂಕರಿ ಎರಡನೆಯ ಹಂತದಿಂದ ಜೆ.ಪಿ. ನಗರದವರೆಗಿನ ಅಡ್ಡರಸ್ತೆಗಳಲ್ಲಿ ಇಂದು ಗುಡ್ಡಗಾಡಿನ ವಾಹನಗಳಿಗೆ ಕೊರತೆಯಿಲ್ಲ. ಥಾರ್, ಜಿಮ್ನಿ, ಗೂರ್ಖಾ, ಎಲ್ಲೋ ಒಂದೆಡೆ ಮುಪ್ಪಿನಲ್ಲೂ ಗಟ್ಟಿಯಾಗಿರುವ ಜಿಪ್ಸಿ, ಇವೆಲ್ಲ ಮೂವತ್ತು ನಲವತ್ತರ ನಿವೇಶನದ ಕಿರಿದಾದ ಅಂಗಳದಲ್ಲಿ ಹೇಗೋ ತೂರಿಕೊಂಡು, ಬೆನ್ನಿಗೆ ಬಿಗಿದ ಐದನೆಯ ಚಕ್ರ ಗೇಟಿಗೆ ತಾಗಿತೋ ತಾಗಲಿಲ್ಲವೋ ಎಂಬಂತೆ ನಿಂತಿರುವುದನ್ನು ದಿನವೂ ಕಾಣುತ್ತೇನೆ. ಅವುಗಳ ಯಜಮಾನರಲ್ಲಿ ಕೆಲವರು, ನಾನು ಹಣದ ವಿಷಯವಾಗಿ ಬರೆಯುವವನೆಂಬ ಕಾರಣದಿಂದಲೂ, ನನ್ನಲ್ಲಿಯೂ ಅಂಥದೇ ವಾಹನವುಂಟೆಂಬ ಕಾರಣದಿಂದಲೂ, ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಆ ಸ್ಟೆಪ್ನಿಯನ್ನು ಹೊತ್ತು ತಿರುಗುವುದು ಅವಶ್ಯವೇ, ಅಥವಾ ಬಿಚ್ಚಿ ಮಾರಿಬಿಡಬಹುದೇ?

ಪ್ರಶ್ನೆ ನಿರಾಧಾರವಾದುದಲ್ಲ. ರಿಮ್ಮೂ ಟಯರೂ ಸೇರಿ ಸುಮಾರು 30 ಕಿಲೋ ತೂಕದ ಗಾಲಿಯೊಂದು ಹಿಂಬಾಗಿಲಿಗೆ ಜೋತುಬಿದ್ದಿರುವುದರಿಂದ ಕೀಲುಗಳಿಗೆ ಆಯಾಸ, ಹಿಂದಿನ ನೋಟಕ್ಕೆ ಅಡ್ಡಿ, ನಿಲುಗಡೆಯಲ್ಲಿ ಒಂದು ಗೇಣು ಜಾಗದ ನಷ್ಟ. ಸರಕಾರವೇ 2020ರ ಜುಲೈ ತಿಂಗಳಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಟಯರಿನ ಒತ್ತಡವನ್ನು ಸದಾ ಸೂಚಿಸುವ ವ್ಯವಸ್ಥೆಯೂ ಪಂಕ್ಚರ್ ದುರಸ್ತಿಯ ಕಿಟ್ಟೂ ಇರುವ, ಮೂರೂವರೆ ಟನ್ನಿಗೆ ಮೀರದ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿಯ ಕಡ್ಡಾಯದಿಂದ ವಿನಾಯಿತಿ ನೀಡಿತು. ಅನಂತರ ಬಂದ ವಿದ್ಯುತ್ ವಾಹನಗಳಲ್ಲಿ ಹಲವು ಐದನೆಯ ಚಕ್ರವಿಲ್ಲದೆಯೇ ಬೀದಿಗೆ ಇಳಿದಿವೆ. ಮೇಲಾಗಿ, ನಮ್ಮ ಊರಿನ ಪಂಕ್ಚರು ಬಹುಮಟ್ಟಿಗೆ ಮೊಳೆಯ ಪಂಕ್ಚರು. ಬಿಟಿಎಂ ಬಡಾವಣೆಯ ಆಚೆ, ಸಿಲ್ಕ್ ಬೋರ್ಡಿನಿಂದ ಮುಂದಕ್ಕೆ ಹೊರವರ್ತುಲ ರಸ್ತೆಯಲ್ಲಿ ನಾಗರಿಕರೊಬ್ಬರು ಅಯಸ್ಕಾಂತವನ್ನು ಹಿಡಿದು ಕಿಲೋಗಟ್ಟಲೆ ಮೊಳೆಗಳನ್ನು ಆರಿಸಿದ ಸಂಗತಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಂಥ ಮೊಳೆ ಟಯರಿನ ನೆಲ ಮುಟ್ಟುವ ಭಾಗವನ್ನು ಚುಚ್ಚಿದರೆ, ರಬ್ಬರಿನ ಬತ್ತಿಯೊಂದನ್ನು ತುರುಕಿ ಹತ್ತು ನಿಮಿಷದಲ್ಲಿ ಮುಚ್ಚಿಬಿಡುವರು. ನೂರೋ ನೂರೈವತ್ತೋ ರೂಪಾಯಿ ಕೊಟ್ಟರೆ ಮುಗಿಯಿತು. ಜಯನಗರ ನಾಲ್ಕನೆಯ ಬ್ಲಾಕಿನಿಂದ ಕಚೇರಿಗೆ, ಕಚೇರಿಯಿಂದ ಮನೆಗೆ, ಇಷ್ಟೇ ಸಂಚಾರವಿರತಕ್ಕವರು ಕಿಟ್ಟನ್ನೂ ಸಣ್ಣ ಗಾಳಿಯಂತ್ರವನ್ನೂ ಇಟ್ಟುಕೊಂಡು ಚಕ್ರವನ್ನು ಮನೆಯಲ್ಲಿ ಬಿಟ್ಟರೆ ನನ್ನ ಆಕ್ಷೇಪವಿಲ್ಲ.

ಆದರೆ ಡಾಂಬರು ಮುಗಿದೆಡೆಯಲ್ಲಿ ಈ ವಾದವೂ ಮುಗಿಯುತ್ತದೆ. ಅದಕ್ಕೆ ಕಾರಣ ಟಯರಿನ ರಚನೆಯಲ್ಲಿಯೇ ಉಂಟು. ನೆಲ ಮುಟ್ಟುವ ಭಾಗದ ಅಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಪಕ್ಕೆಯಲ್ಲಾದರೋ ತೆಳುವಾದ ರಬ್ಬರಿನೊಳಗೆ ನೂಲಿನ ಪದರ ಮಾತ್ರ. ಕಲ್ಲು ಮರಳುಗಳ ಮೇಲೆ ಹಿಡಿತ ಹೆಚ್ಚಲೆಂದು ನಾವು ಗಾಳಿಯನ್ನು ಇಳಿಸಿದಾಗ ಈ ದುರ್ಬಲ ಪಕ್ಕೆಯೇ ಹೊರಕ್ಕೆ ಉಬ್ಬಿ ಕಲ್ಲಿಗೆ ಸಮೀಪವಾಗುತ್ತದೆ. ಪಕ್ಕೆ ಸೀಳಿದ ಮೇಲೆ ಬತ್ತಿಯೂ ನಿಲ್ಲದು, ಒಳಗೆ ಸುರಿಯುವ ಅಂಟುದ್ರವವೂ ನಿಲ್ಲದು. ಕನಕಪುರದಾಚೆ, ಸಂಗಮದ ದಿಕ್ಕಿನಲ್ಲಿ, ಸ್ನೇಹಿತರೊಬ್ಬರ ಮಾವಿನ ತೋಟಕ್ಕೆ ಹೋಗುವ ದಾರಿಯಲ್ಲಿ ಕಲ್ಲುಕ್ವಾರಿಯ ಲಾರಿಗಳಿಂದ ಉದುರಿದ ಬೆಣಚುಗಲ್ಲಿನ ಚಕ್ಕೆಗಳಿವೆ. ಅವುಗಳಲ್ಲಿ ಒಂದು ನನ್ನ ವಾಹನದ ಎಡ ಹಿಂಗಾಲಿಯ ಪಕ್ಕೆಯನ್ನು ನಾಲ್ಕು ಬೆರಳಿನಷ್ಟು ಉದ್ದಕ್ಕೆ ಕೊಯ್ದಿತು. ಜಾಕ್ ಮಣ್ಣಿನಲ್ಲಿ ಹೂತುಹೋಗದಂತೆ ಕೆಳಗೊಂದು ಹಲಗೆಯನ್ನಿಟ್ಟು, ಚಕ್ರ ಬದಲಿಸಿ, ಬಿಸಿಲೇರುವ ಮುನ್ನ ತೋಟವನ್ನು ಸೇರಿದೆವು. ಹೊಸ ಟಯರಿನ ಬೆಲೆಯ ಹೊರತು ಆ ದಿನ ನನಗೆ ಬೇರೆ ಖರ್ಚು ಬರಲಿಲ್ಲ.

ಅದೇ ದಾರಿಯಲ್ಲಿ, ಬೇರೊಂದು ಕಾಲದಲ್ಲಿ, ನಮ್ಮ ಬಡಾವಣೆಯ ಪರಿಚಿತರೊಬ್ಬರಿಗೆ ಇದೇ ಗತಿಯಾಯಿತು. ಅವರ ಬೆನ್ನ ಚಕ್ರ ಮನೆಯ ಮಹಡಿಯಲ್ಲಿತ್ತು. ವಾಹನ ಕೆಟ್ಟರೆ ನೆರವಿಗೆ ಬರುವ ಸೇವೆಗೆ ಚಂದಾ ಕಟ್ಟಿದ್ದರೂ, ಅದು ಬರುವುದು ರಸ್ತೆಯವರೆಗೆ ಮಾತ್ರ. ತೋಟದಿಂದ ರಸ್ತೆಗೆ ಎಳೆಸಿ, ಅಲ್ಲಿಂದ ಲಾರಿಯ ಮೇಲೆ ಏರಿಸಿ ಮನೆ ಸೇರಿಸುವುದಕ್ಕೆ 9,000 ರೂಪಾಯಿ ಹಿಡಿಯಿತು. ಜೊತೆಗಿದ್ದ ವೃದ್ಧ ತಾಯಿಯನ್ನು ಕತ್ತಲಾದ ಮೇಲೆ ಬಾಡಿಗೆಯ ಕಾರಿನಲ್ಲಿ ಕಳುಹಿಸಬೇಕಾಯಿತು. ವಿಮೆ ಕೊಡುವುದಿಲ್ಲವೇ ಎಂದು ಕೇಳುವವರು ಪಾಲಿಸಿಯ ಪುಟಗಳನ್ನು ಒಮ್ಮೆ ಓದಬೇಕು. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಟಯರಿಗೆ ಮಾತ್ರ ಆದ ಹಾನಿಗೆ ಪರಿಹಾರವಿಲ್ಲ. ಅದೇ ವೇಳೆಗೆ ವಾಹನಕ್ಕೂ ಪೆಟ್ಟು ಬಿದ್ದಿದ್ದರೆ, ಹೊಸ ಟಯರಿನ ಬೆಲೆಯಲ್ಲಿ ಅರ್ಧದ ಮಿತಿಯೊಳಗೆ ಕೊಡುವರು. ಟಯರಿಗೆಂದೇ ಪ್ರತ್ಯೇಕ ರಕ್ಷಣೆಯನ್ನು ಹೆಚ್ಚಿನ ಕಂತು ತೆತ್ತು ಪಡೆಯಬಹುದು. ಆದರೆ ಅದು ತೋಟದ ನಡುವೆ ಚಕ್ರ ತಂದುಕೊಡಲಾರದು.

ಈಗ ಲೆಕ್ಕಕ್ಕೆ ಬರೋಣ. ಹದಿನೆಂಟು ಇಂಚಿನ ಗಾಲಿಯ ನನ್ನ ವಾಹನಕ್ಕೆ ಒಂದು ಟಯರು ಸುಮಾರು 13,000 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಟಯರಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದದ್ದು ನಮಗೆ ಒದಗಿದ ಅನುಕೂಲ. ರಿಮ್ಮನ್ನೂ ಸೇರಿಸಿ ಐದನೆಯ ಚಕ್ರದಲ್ಲಿ 20,000 ರೂಪಾಯಿ ತೊಡಗಿದೆಯೆಂದು ಹಿಡಿದರೆ, ಶೇಕಡ ಏಳರ ಬಡ್ಡಿಯಲ್ಲಿ ಅದು ವರ್ಷಕ್ಕೆ 1,400 ರೂಪಾಯಿ ತರತಕ್ಕ ಹಣ. ತೂಕದಿಂದ ಇಂಧನ ವೃಥಾ ಸುಡುವುದೆಂಬ ಮಾತೂ ಉಂಟು. ನೂರು ಪೌಂಡು ಹೆಚ್ಚಿದರೆ ಮೈಲೇಜು ಶೇಕಡ ಒಂದರಷ್ಟು ತಗ್ಗಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುವ ಸ್ಥೂಲಸೂತ್ರವನ್ನು ಅನ್ವಯಿಸಿದರೆ, ವರ್ಷಕ್ಕೆ 10,000 ಕಿಲೋಮೀಟರು ಓಡುವ ವಾಹನದಲ್ಲಿ ಈ ಚಕ್ರಕ್ಕಾಗಿ ಸುಡುವ ಡೀಸೆಲು ಐದಾರು ಲೀಟರು, ಎಂದರೆ 500 ರೂಪಾಯಿಯ ಸುತ್ತುಮುತ್ತು. ಒಟ್ಟಿನಲ್ಲಿ ವರ್ಷಕ್ಕೆ 2,000 ರೂಪಾಯಿಗೆ ಒಳಗೆ. ಐದು ವರ್ಷಕ್ಕೊಮ್ಮೆ ಮಾತ್ರ ಆ ಪರಿಚಿತರಿಗೆ ಬಂದಂಥ ಆಪತ್ತು ಬರುವುದಾದರೆ, ಹಣದ ಲೆಕ್ಕದಲ್ಲಿ ಹೊತ್ತವನೂ ಬಿಟ್ಟವನೂ ಹೆಚ್ಚುಕಡಿಮೆ ಸಮಾನರು ಎಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಈ ಲೆಕ್ಕ ಐದನೆಯ ಚಕ್ರವನ್ನು ಜಡಧನವೆಂದು ಭಾವಿಸಿ ಮಾಡಿದ ಲೆಕ್ಕ. ಅದು ಜಡವಾಗಿರಬೇಕೆಂಬ ನಿಯಮವೇನೂ ಇಲ್ಲ.

ನನ್ನ ವಾಹನದಲ್ಲಿ ಐದೂ ಚಕ್ರಗಳು ಸರದಿಯಂತೆ ದುಡಿಯುತ್ತವೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಬೆನ್ನ ಮೇಲಿನದು ನೆಲಕ್ಕಿಳಿದು, ನೆಲದಲ್ಲಿದ್ದ ಒಂದು ಬೆನ್ನೇರಿ ವಿಶ್ರಮಿಸುತ್ತದೆ. ನಾಲ್ಕು ಟಯರುಗಳು 48,000 ಕಿಲೋಮೀಟರು ಬಾಳುವುದಾದರೆ, ಐದನ್ನು ಹೀಗೆ ಹಂಚಿ ಓಡಿಸಿದಾಗ ವಾಹನ 60,000 ಕಿಲೋಮೀಟರು ಓಡುತ್ತದೆ. ಐದನೆಯದರ ಬೆಲೆ ಹಿಂದಿರುಗಿ ಬರುತ್ತದೆ, ಮುಂದೆ ಕೊಳ್ಳಬೇಕಾದುದಕ್ಕೆ ಇಂದೇ ತೆತ್ತ ಮುಂಗಡವಷ್ಟೇ ಅದು. ಸರದಿಯಿಲ್ಲದೆ ಬೆನ್ನ ಮೇಲೆಯೇ ಉಳಿದ ಟಯರಾದರೋ ಬಿಸಿಲಿಗೂ ಗಾಳಿಗೂ ಗಡುಸಾಗಿ, ಒಂದು ದಿನವೂ ಓಡದೆ ಮುದಿಯಾಗುವುದು. ಟಯರಿನ ಪಕ್ಕೆಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳನ್ನು ನೋಡಿರಿ: 2319 ಎಂದಿದ್ದರೆ ಅದು 2019ನೆಯ ಇಸವಿಯ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದುದು. ಹತ್ತು ವರ್ಷ ಸಂದ ಟಯರನ್ನು, ಸ್ಟೆಪ್ನಿಯೂ ಸೇರಿದಂತೆ, ನೋಡಲು ಚೆನ್ನಾಗಿದ್ದರೂ ತೆಗೆದುಹಾಕಬೇಕೆಂಬುದು ಪ್ರಮುಖ ತಯಾರಕರೇ ಹೇಳುವ ಮಾತು.

ಸರದಿಯಿಂದ ಮತ್ತೊಂದು ಪ್ರಯೋಜನವುಂಟು. ಕಣ್ಣಿಗೆ ಕಾಣದ ಖರ್ಚನ್ನು ಅದು ತಪ್ಪಿಸುತ್ತದೆ. ಸವೆದ ಮೂರರ ನಡುವೆ ಹೊಚ್ಚ ಹೊಸದೊಂದನ್ನು ಹಾಕಿದರೆ ಅದರ ಸುತ್ತಳತೆ ಮಿಕ್ಕವುಗಳಿಗಿಂತ ಹೆಚ್ಚಾಗಿ, ಒಂದೇ ಅಚ್ಚಿನ ಎರಡು ಚಕ್ರಗಳು ಭಿನ್ನ ವೇಗದಲ್ಲಿ ಸುತ್ತಬೇಕಾಗಿ, ಡಿಫರೆನ್ಷಿಯಲ್ ನೇರವಾದ ರಸ್ತೆಯಲ್ಲಿಯೂ ಬಿಡುವಿಲ್ಲದೆ ದುಡಿಯುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಸನ್ನೆಯನ್ನು ಹಾಕಿದಾಗಲಂತೂ ಹಲ್ಲುಚಕ್ರಗಳ ಮೇಲೆ ಬೀಳುವ ಬಿಗಿ ಇನ್ನೂ ಹೆಚ್ಚು. ಆ ಹಲ್ಲುಚಕ್ರಗಳ ಪೆಟ್ಟಿಗೆಯ ದುರಸ್ತಿಗೆ ತಗಲುವ ಹಣದ ಮುಂದೆ ಟಯರಿನ ಬೆಲೆ ಅಲ್ಪ. ಜೊತೆಯವುಗಳಷ್ಟೇ ಸವೆದಿರುವ ಐದನೆಯದು ಸಿದ್ಧವಾಗಿದ್ದರೆ ಈ ಭಯವಿಲ್ಲ. ತಿರುಗುವ ದಿಕ್ಕಿನ ಬಾಣದ ಗುರುತುಳ್ಳ ಟಯರುಗಳನ್ನು ಮಾತ್ರ ಎಡದಿಂದ ಬಲಕ್ಕೆ ಬದಲಿಸತಕ್ಕದ್ದಲ್ಲ.

1904ರಲ್ಲಿ ವೇಲ್ಸ್ ಪ್ರಾಂತದ ಲನೆಲ್ಲಿ ಪಟ್ಟಣದ ಡೇವಿಸ್ ಸಹೋದರರು ಮಾರಾಟಕ್ಕೆ ತರುವವರೆಗೂ ಮೋಟಾರು ಗಾಡಿಗಳಿಗೆ ಹೆಚ್ಚಿನ ಚಕ್ರವೆಂಬುದೇ ಇರಲಿಲ್ಲ; ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪು ಅದನ್ನು ಬೆನ್ನಿಗೆ ಕಟ್ಟಿಕೊಂಡೇ ಹುಟ್ಟಿತು. ಇಂದಿಗೂ ಕೊಡಚಾದ್ರಿಯ ಕಡಿದಾದ ದಾರಿಯಲ್ಲಿ ಯಾತ್ರಿಕರನ್ನು ಹೊತ್ತೇರುವ ಜೀಪುಗಳವರು, ಡೀಸೆಲಿನ ಹನಿಹನಿಗೂ ಲೆಕ್ಕವಿಡುವ ಬಡ ಸಂಸಾರಸ್ಥರು, ಐದನೆಯ ಚಕ್ರವನ್ನು ಬಿಟ್ಟು ಹತ್ತುವುದನ್ನು ನಾನು ಕಂಡಿಲ್ಲ. ಟಯರು ಹೋದರೆ ಆ ದಿನದ ಕೂಲಿ ಹೋಯಿತೆಂದು ಬಲ್ಲವರ ನಡವಳಿಕೆಯಲ್ಲಿ ನನಗೆ ಬಲವಾದ ವಿಶ್ವಾಸವುಂಟು.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಾಣುವ ಒಂದು ರೂಢಿ. ಉತ್ಸಾಹಿ ತರುಣರು ಅಗಲವಾದ, ಆಳವಾದ ಗೀರುಗಳ ದುಬಾರಿ ಟಯರುಗಳನ್ನು ಕೊಳ್ಳುವಾಗ ನಾಲ್ಕನ್ನೇ ಕೊಂಡು, ಹಣ ಉಳಿಯಿತೆಂದು ಸಂತೋಷಪಟ್ಟು, ಬೆನ್ನ ಮೇಲೆ ಕಂಪನಿಯ ಹಳೆಯ ಅಳತೆಯದನ್ನೇ ಬಿಡುತ್ತಾರೆ. ಅಳತೆ ಬೇರೆಯಾದ ಆ ಚಕ್ರ ಸರದಿಗೂ ಸಲ್ಲದು. ಸಂಕಟದಲ್ಲಿ ಹಾಕಿಕೊಂಡರೆ ನಿಧಾನವಾಗಿ, ನಾಲ್ಕು ಚಕ್ರದ ಸನ್ನೆಯನ್ನು ಮುಟ್ಟದೆ, ಹತ್ತಿರದ ಊರಿನವರೆಗೆ ಮಾತ್ರ ಬರಬಹುದು. ಚಕ್ರವನ್ನು ಹೊತ್ತ ಖರ್ಚೂ ಆಯಿತು, ಅದರಿಂದ ದೊರಕಬೇಕಾದುದೂ ದೊರಕಲಿಲ್ಲ. ಐದಕ್ಕೆ ಹಣ ಸಾಲದಿದ್ದರೆ ಹಳೆಯವುಗಳನ್ನೇ ಇನ್ನು ಕೆಲವು ತಿಂಗಳು ಓಡಿಸಿ, ಆ ವ್ಯತ್ಯಾಸದ ಹಣವನ್ನು ಕೂಡಿಸಿಕೊಂಡು, ಐದನ್ನೂ ಒಂದೇ ಅಳತೆಯಲ್ಲಿ, ಆದಷ್ಟು ಒಂದೇ ಕಾಲದಲ್ಲಿ ತಯಾರಾದವನ್ನು ಆರಿಸಿ ಒಟ್ಟಿಗೆ ಕೊಳ್ಳಿರಿ. ಬೆನ್ನ ಚಕ್ರದ ಮೇಲೆ ಕಳ್ಳರ ಕಣ್ಣು ಬೀಳದಂತೆ ಬೀಗದ ನಟ್ಟೊಂದನ್ನು ಆ ದಿನವೇ ಹಾಕಿಸಿ, ತಿಂಗಳಿಗೊಮ್ಮೆ ಗಾಳಿ ತುಂಬಿಸುವಾಗ ಐದನೆಯದನ್ನೂ ಪರೀಕ್ಷಿಸುವಂತೆ ಹುಡುಗನಿಗೆ ಹೇಳಿರಿ.