ಪಂಚಾಂಗ: ತಮಿಳರ ಸೌರಮಾನ, ನಮ್ಮ ಚಾಂದ್ರಮಾನ

ಬಳ್ಳಾರಿ ಮದ್ರಾಸ್ ಆಡಳಿತದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದರೂ ಇಲ್ಲಿನ ಯುಗಾದಿ ಚೈತ್ರ ಶುದ್ಧ ಪಾಡ್ಯಕ್ಕೆ. ತಮಿಳರ ಪುತ್ತಾಂಡು ಮೇಷ ಸಂಕ್ರಮಣ ಹಿಡಿದು, ಸಾಮಾನ್ಯವಾಗಿ ಏಪ್ರಿಲ್ 14ಕ್ಕೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗ ಮಾತ್ರ ಇಬ್ಬರಿಗೂ ಒಂದೇ. ಚಂದ್ರ ಸೂರ್ಯನಿಂದ 12 ಡಿಗ್ರಿ ಸರಿದರೆ ಒಂದು ತಿಥಿ. ತಮಿಳುನಾಡಿನಲ್ಲಿ ಹಳೆಯ ಸೂತ್ರಗಳ ವಾಕ್ಯ ಪಂಚಾಂಗವೂ ಆಧುನಿಕ ಗಣಿತದ ತಿರುಕ್ಕಣಿತವೂ ಬಳಕೆಯಲ್ಲಿವೆ; ಈ ವ್ಯತ್ಯಾಸ ಚೆನ್ನಾಗಿ ನೆನಪಿಡಿ.

ಪಂಚಾಂಗದಲ್ಲಿ ನೋಡುವ ರಾಹುಕಾಲಕ್ಕೆ ಹಗಲನ್ನು 8 ಪಾಲು ಮಾಡುತ್ತಾರೆ. ಸೋಮವಾರ 2ನೇ ಪಾಲು. ಕ್ಯಾಲೆಂಡರಿನ 7.30ರಿಂದ 9 ಎಂಬ ಲೆಕ್ಕ 6ಕ್ಕೆ ಸೂರ್ಯೋದಯ, 6ಕ್ಕೆ ಸೂರ್ಯಾಸ್ತ ಎಂದು ಹಿಡಿದದ್ದು. ಬಳ್ಳಾರಿಯ ಸ್ಥಳೀಯ ಸಮಯವೋ ಭಾರತೀಯ ಪ್ರಮಾಣ ಸಮಯಕ್ಕಿಂತ ಸುಮಾರು 22 ನಿಮಿಷ ಹಿಂದೆ. ಹಾಗಾಗಿ ಊರಿನ ಸೂರ್ಯೋದಯ, ಸೂರ್ಯಾಸ್ತ ನೋಡಿಯೇ ಲೆಕ್ಕ ಹಾಕಬೇಕು.

ಇವುಗಳ ಜೊತೆಗೆ ರಾಷ್ಟ್ರೀಯ ಶಕ ಪಂಚಾಂಗವೂ ಇದೆ; ಅದು ಜಾರಿಗೆ ಬಂದದ್ದು 1957ರ ಮಾರ್ಚ್ 22ರಂದು.